ಕುರುಬನ ದೊಣ್ಣೆ, ಕೋಲು, ಕವಣೆ: ಬೈಬಲ್ ಕಾಲದ ಸಾಮಾನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಯೆಹೋವನು ನನಗೆ ಕುರುಬನು" ಎಂಬ 23ನೇ ಕೀರ್ತನೆ ಬಾಯಿಪಾಠ ಇಲ್ಲದ ಕನ್ನಡ ಕ್ರೈಸ್ತರು ಕಡಿಮೆ. ಆದರೆ ಆ ಕುರುಬನ ಕೈಯಲ್ಲಿ ಏನಿತ್ತು ಎಂದು ಕೇಳಿದರೆ ಮಾತು ತಡವರಿಸುತ್ತದೆ. ಬೈಬಲ್ ಅಧ್ಯಯನದ ಕೂಟಗಳಲ್ಲಿ, ಪತ್ರಗಳಲ್ಲಿ, ಆರಾಧನೆ ಮುಗಿದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಕೊನೆಗೆ.

ಮೊದಲು ತಿಳಿಯಬೇಕಾದವು

ಆ ಕಾಲದ ಕುರುಬ ಏನೇನು ಹೊತ್ತುಕೊಂಡು ಹೋಗುತ್ತಿದ್ದ?

ಬಹಳ ಏನಿಲ್ಲ. ಇಡೀ ದಿನ ಗುಡ್ಡ ಹತ್ತಿ ಇಳಿಯುವವನು ಹೆಚ್ಚು ಭಾರ ಹೊರುವುದಿಲ್ಲ. 1 ಸಮುವೇಲ 17:40ರಲ್ಲಿ ದಾವೀದನ ಕೈಗೆ ಕೋಲು ಬರುತ್ತದೆ, ಹಳ್ಳದಿಂದ ಆರಿಸಿದ ಐದು ನುಣುಪು ಕಲ್ಲು ಕುರುಬರ ಚೀಲಕ್ಕೆ ಬೀಳುತ್ತವೆ, ಇನ್ನೊಂದು ಕೈಯಲ್ಲಿ ಕವಣೆ. 23ನೇ ಕೀರ್ತನೆ ಇದಕ್ಕೆ ದೊಣ್ಣೆಯನ್ನು ಸೇರಿಸುತ್ತದೆ. ಯೆರೆಮೀಯ 43:12ರಲ್ಲಿ ಕುರುಬನ ಹೊದಿಕೆ ಇದೆ, ಯೆಶಾಯ 38:12ರಲ್ಲಿ ಅವನ ಗುಡಾರ, ಯೋಬ 30:1ರಲ್ಲಿ ಹಿಂಡಿನ ನಾಯಿ. ಬಾವಿಯ ಹತ್ತಿರ ನೀರು ಸೇದುವ ಕೊಡ, ಕುಡಿಸುವ ತೊಟ್ಟಿ ಇರುತ್ತಿದ್ದವು. ಅವನ್ನು ಯಾರೂ ಹೊತ್ತು ತಿರುಗುತ್ತಿರಲಿಲ್ಲ.

ದೊಣ್ಣೆ, ಕೋಲು ಎರಡೂ ಒಂದೇ ಅಲ್ವಾ? ಎರಡೆರಡು ಸಲ ಯಾಕೆ ಹೇಳೋದು?

ಎರಡೂ ಮರದವೇ. ಆದರೆ ಕೆಲಸ ಬೇರೆ ಬೇರೆ. ಕೀರ್ತನೆ 23:4ರಲ್ಲಿ "ನಿನ್ನ ದೊಣ್ಣೆಯೂ ಕೋಲೂ ನನಗೆ ಧೈರ್ಯ ಕೊಡುತ್ತವೆ" ಎಂಬ ಅರ್ಥದ ಮಾತಿದೆ. ಅಲ್ಲಿ ಮೂಲದ ಹೀಬ್ರೂ ಪದಗಳು ಶೇವೆಟ್ ಮತ್ತು ಮಿಶ್‌ಏನೆತ್. ಶೇವೆಟ್ ಎಂದರೆ ದೊಣ್ಣೆ, ಹೊಡೆಯುವುದಕ್ಕೆ. ಯೆಶಾಯ 28:27ರಲ್ಲಿ ಹೆಂಗಸರಿಗೂ ಗೊತ್ತಿರುವ ಕೆಲಸಕ್ಕೆ ಅದನ್ನು ಬಳಸಿದ್ದಾರೆ: ಜೀರಿಗೆಯನ್ನು ಶೇವೆಟ್‌ನಿಂದ ಬಡಿದು ಉದುರಿಸುತ್ತಾರೆ. 2 ಸಮುವೇಲ 23:21ರಲ್ಲಿ ಬೆನಾಯ ಎಂಬ ವೀರ ಈಟಿ ಹಿಡಿದ ಐಗುಪ್ತದವನ (ಈಜಿಪ್ಟಿನವನ) ಎದುರು ಇಳಿದದ್ದು ಇದನ್ನೇ ಹಿಡಿದು.

ಮಿಶ್‌ಏನೆತ್ ಎಂಬ ಪದ ಒರಗು, ಆತುಕೋ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ನಮ್ಮ ಊರುಗೋಲು ಅದಕ್ಕೆ ಸರಿಯಾಗಿ ಕೂಡುತ್ತದೆ. ವಿಮೋಚನಕಾಂಡ 21:19ರಲ್ಲಿ ಪೆಟ್ಟು ತಿಂದು ಚೇತರಿಸಿಕೊಂಡವನು ಅದನ್ನು ಊರಿ ಓಡಾಡುತ್ತಾನೆ. ಜೆಕರ್ಯ 8:4ರಲ್ಲಿ ಜೆರುಸಲೇಮಿನ ಬೀದಿಗಳಲ್ಲಿ ಮುದುಕ ಮುದುಕಿಯರು ಅದನ್ನು ಹಿಡಿದು ಕೂತಿರುತ್ತಾರೆ. ಪ್ರವಾದಿ ಎಲೀಷನ ಕೈಯಲ್ಲಿದ್ದದ್ದೂ ಅದೇ. ಬೈಬಲಿನಲ್ಲಿ ಈ ಪದ ಕುರುಬನ ಜೊತೆ ಸೇರಿಕೊಳ್ಳುವುದು 23ನೇ ಕೀರ್ತನೆಯೊಂದರಲ್ಲೇ. ದೊಣ್ಣೆ ಹೊರಗಿನಿಂದ ಬರುವ ಕೇಡಿಗೆ, ಊರುಗೋಲು ಸ್ವಂತ ಕಾಲಿಗೆ. ಕಾರ್ಗತ್ತಲ ಕಣಿವೆ ದಾಟುವವನಿಗೆ ಎರಡೂ ಬೇಕು.

ಕೋಲಿನ ತುದಿ ಕೊಕ್ಕೆ ಹಾಗೆ ಬಾಗಿರುತ್ತಿತ್ತಾ? ಚಿತ್ರಗಳಲ್ಲೆಲ್ಲ ಹಾಗೇ ಇದೆಯಲ್ಲ.

ಕ್ಯಾಲೆಂಡರ್ ಚಿತ್ರದ ಯೇಸುವಿನ ಕೈಯಲ್ಲಿರುವುದು ಯುರೋಪಿನ ಕುರುಬರ ಕೋಲು. ಬೈಬಲಿನ ಯಾವ ವಾಕ್ಯವೂ ಕೋಲಿಗೆ ಕೊಕ್ಕೆ ಇತ್ತು ಎನ್ನುವುದಿಲ್ಲ. ಮರಿಯ ಕುತ್ತಿಗೆಗೋ ಕಾಲಿಗೋ ಅದನ್ನು ಸಿಕ್ಕಿಸಿ ಎಳೆದರು ಎಂದೂ ಹೇಳುವುದಿಲ್ಲ.

ಹಾಗೆಂದು ಬಾಗಿದ ಕೋಲು ಆ ಸೀಮೆಯಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ಈಜಿಪ್ಟಿನ ಫರೋಹರು ಎದೆಯ ಮೇಲೆ ಅಡ್ಡಲಾಗಿ ಹಿಡಿಯುವ ಎರಡರಲ್ಲಿ ಒಂದು ಬಾಗಿದ ಕೋಲು, ಹೆಸರು ಹೆಕಾ. ಆ ಚಿತ್ರಲಿಪಿಗೆ "ಆಳು" ಎಂದೇ ಅರ್ಥ. 1922ರಲ್ಲಿ ತೆರೆದ ತುತನ್‌ಖಾಮನ್ ಸಮಾಧಿಯಲ್ಲೂ ಅದು ಸಿಕ್ಕಿತು. ಮೆಸೊಪೊಟೇಮಿಯದಲ್ಲಿ ಅಮುರ್ರು ಎಂಬ ದೇವರ ಗುರುತೂ ಬಾಗಿದ ಕೋಲೇ. ಕುರುಬನ ಕೋಲಿನಂತಿರುವ ಬಿಷಪ್ಪರ ದಂಡ ಬಂದದ್ದು ಬಹಳ ತಡವಾಗಿ. 633ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕೂಡಿದ ಸಭೆಯ ನಿಯಮಗಳಲ್ಲಿ ಬಿಷಪ್ಪರ ಕೋಲಿನ ಮಾತಿದೆ. ರೋಮಿನ ನೆಲಮಾಳಿಗೆ ಸಮಾಧಿಗಳಲ್ಲಿ 3ನೇ ಶತಮಾನದಲ್ಲಿ ಬರೆದ ಒಳ್ಳೆಯ ಕುರುಬನ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೋಲಲ್ಲ, ಹೆಗಲ ಮೇಲಿನ ಕುರಿ. ಕೆಲವೆಡೆ ಪಕ್ಕದಲ್ಲಿ ಹಾಲಿನ ಪಾತ್ರೆಯೂ ಇದೆ.

ಮುಳ್ಳುಗೋಲು ಕೂಡ ಕುರುಬನದ್ದೇನಾ?

ಅಲ್ಲ, ಅದು ಉಳುವವನದ್ದು. ಎತ್ತನ್ನು ತಿವಿಯುವ ಉದ್ದನೆಯ ಕೋಲು. ನ್ಯಾಯಸ್ಥಾಪಕರು 3:31ರಲ್ಲಿ ಶಮ್ಗರ ಹಿಡಿದದ್ದು ಅದು. ಅಪೊಸ್ತಲರ ಕೃತ್ಯಗಳು 26:14ರಲ್ಲಿ ಪೌಲ ಒದೆಯುವುದೂ ಅದನ್ನೇ. ಕುರಿಯನ್ನು ಯಾರೂ ಹಾಗೆ ತಿವಿಯುವುದಿಲ್ಲ.

ಚೀಲದಲ್ಲಿ ಏನಿರುತ್ತಿತ್ತು?

1 ಸಮುವೇಲ 17:40ರಲ್ಲಿ ಕಲ್ಲು ಮಾತ್ರ. ಸಾಮಾನ್ಯ ದಿನಗಳಲ್ಲಿ ಬುತ್ತಿ ಇದ್ದೀತು ಎನ್ನುವುದು ಊಹೆ, ಆದರೆ ಹೊಟ್ಟೆ ಇರುವ ಯಾರಾದರೂ ಮಾಡಬಹುದಾದ ಊಹೆ. ಹೀಬ್ರೂವಿನಲ್ಲಿ ಆ ಚೀಲಕ್ಕೆ ಯಲ್ಕೂತ್ ಎಂಬ ಪದ ಇದೆ. ಅದರ ಬೇರು "ಆಯುವುದು, ಕೂಡಿಸುವುದು".

ಮೈದಾನದ ಕೆಲಸ

ದಾವೀದನ ಕವಣೆ ನಮ್ಮ ಜೋಳದ ಹೊಲದಲ್ಲಿ ಹಕ್ಕಿ ಓಡಿಸೋ ಕವಣೆನಾ? ಅದರಿಂದ ಮನುಷ್ಯನನ್ನು ಬೀಳಿಸಲು ಆಗುತ್ತಾ?

ಅದೇ. ಅಟ್ಟದ ಮೇಲೆ ನಿಂತು ಗಿಳಿ, ಗುಬ್ಬಿಗಳ ಮೇಲೆ ಬೀಸುವ ಕವಣೆಯನ್ನು ನೋಡಿದವರಿಗೆ ದಾವೀದನ ಕವಣೆಯನ್ನು ವಿವರಿಸಬೇಕಾಗಿಲ್ಲ. ನಡುವೆ ಕಲ್ಲು ಕೂರುವ ಜಾಗ, ಎರಡು ಕಡೆ ಹುರಿ, ಒಂದು ಹುರಿಯ ಕುಣಿಕೆ ಬೆರಳಿಗೆ. ಬೀಸಿ ಇನ್ನೊಂದು ಹುರಿಯನ್ನು ಬಿಟ್ಟರೆ ಕಲ್ಲು ಹಾರುತ್ತದೆ. ರಬ್ಬರಿನ ಕ್ಯಾಟರ್‌ಬಿಲ್ ಬೇರೆಯೇ. ಮಕ್ಕಳ ಚಿತ್ರಪುಸ್ತಕಗಳಲ್ಲಿ ದಾವೀದನ ಕೈಗೆ ಅದನ್ನು ಕೊಟ್ಟಿರುವುದನ್ನು ನೋಡಿದ್ದೇನೆ. ರಬ್ಬರು ಆ ಕಾಲಕ್ಕೆ ಎಲ್ಲಿಂದ ಬರಬೇಕು?

ಕುರುಬನಿಗೆ ಕವಣೆಯ ದಿನನಿತ್ಯದ ಉಪಯೋಗ ಕೊಲ್ಲುವುದಲ್ಲ. ದೂರ ಹೋದ ಕುರಿಯ ಮುಂದೆ ಕಲ್ಲು ಬಿದ್ದರೆ ಅದು ತಾನಾಗಿ ತಿರುಗುತ್ತದೆ, ಅವನು ಅಷ್ಟು ದೂರ ಓಡಬೇಕಿಲ್ಲ. ಆದರೆ ಅದೇ ಕವಣೆ ಯುದ್ಧದಲ್ಲೂ ಇತ್ತು. ನ್ಯಾಯಸ್ಥಾಪಕರು 20:16ರಲ್ಲಿ ಬೆನ್ಯಾಮೀನ್ ಕುಲದ 700 ಎಡಚರು ಕೂದಲಿನ ಎಳೆಗೆ ಗುರಿ ಇಟ್ಟರೂ ತಪ್ಪುತ್ತಿರಲಿಲ್ಲ. ಅಶ್ಶೂರದ ಸನ್ಹೇರೀಬ ಕ್ರಿ.ಪೂ. 701ರಲ್ಲಿ ಲಾಕೀಷ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದನ್ನು ನಿನೆವೆಯ ಅರಮನೆಯ ಗೋಡೆಯಲ್ಲಿ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ಕವಣೆಗಾರರ ಸಾಲು ಇದೆ. ಲಾಕೀಷ್ ಅಗೆದಾಗ ಮುಷ್ಟಿಯಲ್ಲಿ ತುಂಬುವ ದುಂಡು ಕಲ್ಲುಗಳು ರಾಶಿ ಸಿಕ್ಕವು. ಹಣೆಗೆ ಬಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಸಣ್ಣ ಸಂಗತಿ ನನಗೆ ಇಷ್ಟ. ಗೊಲ್ಯಾತ ದಾವೀದನನ್ನು ನೋಡಿ "ನಾನೇನು ನಾಯಿಯೋ, ಕೋಲು ಹಿಡಿದು ಬರುತ್ತೀಯಲ್ಲ" ಎಂಬ ಅರ್ಥದ ಮಾತಾಡುತ್ತಾನೆ. ಅವನಿಗೆ ಕಂಡದ್ದು ಕೋಲು. ಕವಣೆಯ ಬಗ್ಗೆ ಒಂದು ಮಾತಿಲ್ಲ.

ಸಿಂಹ ಬಂದರೆ ಒಂದು ದೊಣ್ಣೆ ಹಿಡಿದು ಏನು ಮಾಡಲಿಕ್ಕಾಗುತ್ತೆ ಸಾರ್?

ಬಹಳ ಸಲ ಏನೂ ಆಗುವುದಿಲ್ಲ. ಆ ನಾಡಿನಲ್ಲಿ ಆಗ ಸಿಂಹ, ಕರಡಿ, ತೋಳ ಎಲ್ಲವೂ ಇದ್ದವು. ಸಿಂಹ ಗುಜರಾತಿನ ಗಿರ್ ಕಾಡಿನಲ್ಲಿ ಉಳಿದಿರುವ ಸಿಂಹದ ಬಳಗದ್ದೇ. ದಾವೀದ ಸಿಂಹದ ಬಾಯಿಂದ ಮರಿ ಬಿಡಿಸಿದೆ ಎಂದು ಅರಸ ಸೌಲನಿಗೆ ಹೇಳಿಕೊಳ್ಳುವುದು ಅಪರೂಪದ ಸಾಹಸವಾದ್ದರಿಂದಲೇ.

ದಿನನಿತ್ಯದ ಚಿತ್ರ ಬೇಕಿದ್ದರೆ ಪ್ರವಾದಿ ಆಮೋಸನ ಹತ್ತಿರ ಹೋಗಬೇಕು. ಬೇತ್ಲೆಹೇಮಿನ ದಕ್ಷಿಣಕ್ಕೆ, ಯೆಹೂದದ ಮರುಭೂಮಿಯ ಅಂಚಿನ ತೆಕೋವದವನು, ಸ್ವತಃ ಕುರಿ ಕಂಡವನು. ಅವನು 3:12ರಲ್ಲಿ ಹೇಳುತ್ತಾನೆ: ಕುರುಬ ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ತುಂಡನ್ನೋ ಕಿತ್ತು ತರುತ್ತಾನೆ. ಸತ್ತ ಕುರಿಯ ಕಿವಿ ಯಾಕೆ ಬೇಕು? ಸಾಕ್ಷಿಗೆ. ವಿಮೋಚನಕಾಂಡ 22:13ರ ಪ್ರಕಾರ ಕಾಡುಮೃಗ ಸೀಳಿದ ಪ್ರಾಣಿಯ ಉಳಿಕೆ ತಂದು ತೋರಿಸಿದವನು ಬದಲು ಕೊಡಬೇಕಿಲ್ಲ. ತೋರಿಸಲು ಏನೂ ಇಲ್ಲದವನು ಸಂದೇಹಕ್ಕೆ ಸಿಕ್ಕಿಕೊಂಡ.

ಹಿಂಡು ಬಹುತೇಕ ಬೇರೆಯವರದ್ದು, ಕುರುಬ ಕೂಲಿಗೋ ಪಾಲಿಗೋ ಇದ್ದವನು ಎನ್ನುವುದು ಇಲ್ಲಿ ಹೊರಬೀಳುತ್ತದೆ. ಬಾಬಿಲೋನಿನ ಹಮ್ಮುರಬಿಯ ಕಾನೂನು ಕ್ರಿ.ಪೂ. 18ನೇ ಶತಮಾನದ್ದು. ಅದರ 266ನೇ ನಿಯಮದಲ್ಲಿ ಹಟ್ಟಿಗೆ ಸಿಂಹ ನುಗ್ಗಿದರೆ ಕುರುಬ ದೇವರ ಮುಂದೆ ಆಣೆ ಮಾಡಿ ಪಾರಾಗುತ್ತಾನೆ, ನಷ್ಟ ಯಜಮಾನನದ್ದು; ಅಜಾಗ್ರತೆಯಿಂದಾದರೆ 267ರ ಪ್ರಕಾರ ಕುರುಬ ತೆರಬೇಕು. ಯಾಕೋಬ ಲಾಬಾನನ ಮೇಲೆ ಸಿಟ್ಟಾಗಿ ಹೇಳುವ ಮಾತು (ಆದಿಕಾಂಡ 31:39) ಈ ಹಿನ್ನೆಲೆಯಲ್ಲಿ ಚುರುಕಾಗುತ್ತದೆ: ಮೃಗ ಸೀಳಿದ್ದನ್ನು ನಿನಗೆ ತೋರಿಸಲಿಲ್ಲ, ನಾನೇ ನಷ್ಟ ಹೊತ್ತೆ. ಇಪ್ಪತ್ತು ವರ್ಷ ಮಾವನ ಮನೆಯಲ್ಲಿ ದುಡಿದವನ ಒಡಲುರಿ ಅದು.

"ಕೋಲಿನ ಕೆಳಗೆ ದಾಟುವುದು" ಅಂದರೆ ಹೊಡೆಯುವುದಾ?

ಎಣಿಸುವುದು. ಯಾಜಕಕಾಂಡ 27:32ರಲ್ಲಿ ದನ ಕುರಿಗಳಲ್ಲಿ ಕೋಲಿನ ಕೆಳಗೆ ದಾಟುವ ಹತ್ತನೆಯದು ದೇವರಿಗೆ. ಕ್ರಿ.ಶ. 200ರ ಸುಮಾರಿಗೆ ಕೂಡಿಸಿದ ಯೆಹೂದ್ಯರ ಮಿಶ್ನಾ ಎಂಬ ನಿಯಮಗ್ರಂಥದಲ್ಲಿ ಮಾಡುವ ವಿಧಾನ ಹೀಗಿದೆ. ಮರಿಗಳನ್ನು ಹಟ್ಟಿಗೆ ಕೂಡಿ, ಎರಡು ಒಟ್ಟಿಗೆ ನುಸುಳದಷ್ಟು ಸಣ್ಣ ಕಂಡಿ ಬಿಡುತ್ತಾರೆ. ಕೋಲು ಹಿಡಿದು ಒಂದು, ಎರಡು ಎಂದು ಎಣಿಸುತ್ತಾರೆ. ಹತ್ತನೆಯದಕ್ಕೆ ಕೆಂಪು ಬಳಿದು "ಇದು ದಶಮಾಂಶ" ಎನ್ನುತ್ತಾರೆ. ಚೆನ್ನಾಗಿರುವುದನ್ನು ಬಿಟ್ಟು ಕುಂಟನ್ನು ಆರಿಸುವ ಉಪಾಯಕ್ಕೆ ಅಲ್ಲಿ ಜಾಗವಿಲ್ಲ.

ಯೆಹೆಜ್ಕೇಲ 20:37ರಲ್ಲಿ ದೇವರು ತನ್ನ ಜನರನ್ನು ಕೋಲಿನ ಕೆಳಗೆ ದಾಟಿಸುತ್ತೇನೆ ಎನ್ನುವಾಗ, ಯೆರೆಮೀಯ 33:13ರಲ್ಲಿ ಕುರಿಗಳು ಎಣಿಸುವವನ ಕೈ ಕೆಳಗೆ ಮತ್ತೆ ದಾಟುವವು ಎನ್ನುವಾಗ ಈ ಎಣಿಕೆಯೇ ಕಣ್ಣೆದುರಿಗೆ ಬರಬೇಕು. ಯೆಹೆಜ್ಕೇಲನಲ್ಲಿ ಎಣಿಕೆಯ ಜೊತೆ ಬೇರ್ಪಡಿಸುವುದೂ ಇದೆ, ಮುಂದಿನ ವಚನವನ್ನು ಓದಿ.

ರಾತ್ರಿ ಚಳಿಗೆ ನಮ್ಮ ಕಂಬಳಿ ತರದ್ದು ಇತ್ತಾ?

ಇತ್ತು. ಉಣ್ಣೆಯ ದೊಡ್ಡ ಹೊದಿಕೆ, ಹಗಲು ಮೈಮೇಲೆ, ರಾತ್ರಿ ಹಾಸಿಗೆ. ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೊಲದ ಬದುವಿನಲ್ಲಿ ನಿಲ್ಲುವ ನಮ್ಮ ಕುರಿಗಾಹಿಗೆ ವಿಮೋಚನಕಾಂಡ 22:26 ಥಟ್ಟನೆ ಅರ್ಥವಾಗುತ್ತದೆ: ಬಡವನ ಹೊದಿಕೆ ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸು, ಅವನಿಗೆ ಹೊದೆಯಲು ಬೇರೆ ಏನಿದೆ?

ಯೆರೆಮೀಯ 43:12ರಲ್ಲಿ ಬಾಬಿಲೋನಿನ ಅರಸ ಐಗುಪ್ತವನ್ನು ಕುರುಬ ಹೊದಿಕೆ ಸುತ್ತಿಕೊಳ್ಳುವ ಹಾಗೆ ಸುತ್ತಿಕೊಳ್ಳುತ್ತಾನೆ. ಹಳೆಯ ಗ್ರೀಕ್ ಅನುವಾದದಲ್ಲಿ ಈ ಮಾತು ಬೇರೆ: ಕುರುಬ ತನ್ನ ಬಟ್ಟೆಯ ಹೇನು ಆರಿಸುವ ಹಾಗೆ ಅವನು ಐಗುಪ್ತವನ್ನು ಆರಿಸುತ್ತಾನೆ. ಆ ಅನುವಾದಕ ಕುರುಬರ ಹತ್ತಿರ ಕೂತಿದ್ದವನೇ ಇರಬೇಕು.

ಹಟ್ಟಿಗೆ ಬಾಗಿಲೇ ಇರಲಿಲ್ಲವಂತೆ, ಕುರುಬನೇ ಅಡ್ಡ ಮಲಗುತ್ತಿದ್ದನಂತೆ. ಹೌದಾ?

ಕೆಲವು ಬಯಲು ಹಟ್ಟಿಗಳಲ್ಲಿ ಹಾಗೆ ಮಲಗಿದ್ದಾರು. ಕಲ್ಲು ಪೇರಿಸಿ ಮೇಲೆ ಮುಳ್ಳು ಇಟ್ಟ ಹಟ್ಟಿಗೆ ಬಿಟ್ಟ ಕಂಡಿ ಅಷ್ಟು ಸಣ್ಣದು. ಆದರೆ ಯೋಹಾನ 10:3ರಲ್ಲಿ ಬಾಗಿಲು ಕಾಯುವವನು ಬೇರೆಯೇ ಇದ್ದಾನೆ, ಕುರುಬ ಬಂದಾಗ ತೆರೆಯುತ್ತಾನೆ. 10:7ರಲ್ಲಿ ಯೇಸು ಹೇಳುವ "ನಾನೇ ಬಾಗಿಲು" ಎಂಬ ಮಾತಿಗೆ ಆ ಕಥೆ ಇಲ್ಲದೆಯೂ ಅರ್ಥವಿದೆ.

ಕೊಳಲು ಊದುತ್ತಿದ್ದರಾ?

ನ್ಯಾಯಸ್ಥಾಪಕರು 5:16ರಲ್ಲಿ ಹಟ್ಟಿಗಳ ನಡುವೆ ಹಿಂಡನ್ನು ಕರೆಯುವ ಸಿಳ್ಳೆಯ ಸದ್ದಿದೆ. ಕೊಳಲಿನಿಂದಲೋ ಬಾಯಿಂದಲೋ ಎಂದು ಬಿಡಿಸಿ ಹೇಳಿಲ್ಲ. ದಾವೀದ ನುಡಿಸಿದ ಕಿನ್ನೋರ್ ತಂತಿವಾದ್ಯ.

ಉಣ್ಣೆ ಕತ್ತರಿಸಲು ಕತ್ತರಿ ಇತ್ತಾ?

ಬೈಬಲ್ ಕತ್ತರಿಸುವ ಕ್ರಿಯೆಯನ್ನು ಹೇಳುತ್ತದೆ, ಸಾಧನದ ಹೆಸರು ಹೇಳುವುದಿಲ್ಲ. ಇನ್ನೂ ಹಳೆಯ ಕಾಲದಲ್ಲಿ ಮೆಸೊಪೊಟೇಮಿಯದವರು ಉಣ್ಣೆಯನ್ನು ಕತ್ತರಿಸದೆ ಕೈಯಿಂದ ಕೀಳುತ್ತಿದ್ದರು. ಉಣ್ಣೆ ತೆಗೆಯುವ ದಿನ ಊಟ, ಕುಡಿತ, ಸಂಭ್ರಮ. ದಾವೀದನೊಂದಿಗೆ ನಾಬಾಲನ ಜಗಳವೂ ಯೆಹೂದ ತಾಮಾರರ ಪ್ರಸಂಗವೂ ನಡೆದದ್ದು ಅಂಥ ದಿನಗಳಲ್ಲೇ.

ಉಪದೇಶದಲ್ಲಿ ಕೇಳಿದ್ದು

ದಾರಿ ತಪ್ಪುವ ಮರಿಯ ಕಾಲನ್ನು ಕುರುಬನೇ ದೊಣ್ಣೆಯಿಂದ ಮುರಿದು, ವಾಸಿಯಾಗುವವರೆಗೆ ಹೆಗಲ ಮೇಲೆ ಹೊರುತ್ತಿದ್ದ ಅಂತ ನಮ್ಮ ಪಾಸ್ಟರ್ ಹೇಳಿದರು. ನಿಜಾನಾ?

ಬೈಬಲಿನಲ್ಲಿ ಎಲ್ಲೂ ಇಲ್ಲ. ಇದು 20ನೇ ಶತಮಾನದಲ್ಲಿ ಉಪದೇಶದಿಂದ ಉಪದೇಶಕ್ಕೆ ಹರಡಿದ ಕಥೆ. ಬೈಬಲಿನ ಮಾತು ಇದಕ್ಕೆ ನೇರ ಎದುರು. ಯೆಹೆಜ್ಕೇಲ 34:4ರಲ್ಲಿ ಕೆಟ್ಟ ಕುರುಬರ ಮೇಲಿನ ಆರೋಪಗಳಲ್ಲೊಂದು "ಮುರಿದದ್ದನ್ನು ನೀವು ಕಟ್ಟಲಿಲ್ಲ" ಎನ್ನುವುದು. 34:16ರಲ್ಲಿ ದೇವರು ತಾನೇ ಕಟ್ಟುತ್ತೇನೆ ಎನ್ನುತ್ತಾನೆ.

ಕೆಲಸದ ಲೆಕ್ಕದಲ್ಲೂ ಇದು ಕೂಡುವುದಿಲ್ಲ. ಯಜಮಾನನಿಗೆ ಒಂದೊಂದು ತಲೆಯ ಲೆಕ್ಕ ಒಪ್ಪಿಸುವವನು ತಾನೇ ಮರಿಯನ್ನು ಕುಂಟು ಮಾಡಿ, ಅದನ್ನು ಹೊತ್ತು ವಾರಗಟ್ಟಲೆ ಗುಡ್ಡ ಹತ್ತುತ್ತಾನೆಯೇ? ಕುರಿ ಸಾಕಿದ ಯಾರನ್ನಾದರೂ ಕೇಳಿ, ನಗುತ್ತಾರೆ. ನನ್ನ ಸಿಟ್ಟು ಕಥೆ ಸುಳ್ಳೆಂದಲ್ಲ. ಪೆಟ್ಟು ತಿಂದ ಮನೆಗಳಲ್ಲಿ ಇದನ್ನು ಸಮಾಧಾನ ಎಂದು ಹೇಳುತ್ತಾರಲ್ಲ, ಅದಕ್ಕೆ.

"ನನ್ನ ತಲೆಗೆ ಎಣ್ಣೆ ಹಚ್ಚುತ್ತೀ" ಅನ್ನೋದು ಕುರಿಯ ತಲೆಗೆ ನೊಣ ಕೂರದ ಹಾಗೆ ಹಚ್ಚುವ ಔಷಧವಂತೆ?

ಇಂದಿನ ಕುರಿ ಸಾಕಣೆಯಲ್ಲಿ ಅಂಥ ಔಷಧ ಉಂಟು. ಆದರೆ 23ನೇ ಕೀರ್ತನೆ ತನ್ನ 5ನೇ ವಚನಕ್ಕೆ ಬರುವಷ್ಟರಲ್ಲಿ ಮೈದಾನ ಬಿಟ್ಟು ಮನೆಯೊಳಗೆ ಬಂದಿದೆ: ಊಟ ಬಡಿಸಿದೆ, ಪಾತ್ರೆ ತುಂಬಿ ತುಳುಕುತ್ತಿದೆ, ಅತಿಥಿಯ ತಲೆಗೆ ಎಣ್ಣೆ. ಕುರಿ ಬಟ್ಟಲಲ್ಲಿ ಕುಡಿಯುವುದಿಲ್ಲ. ಲೂಕ 7:46ರಲ್ಲಿ ಯೇಸು ಮನೆಯ ಯಜಮಾನನಿಗೆ ನೀನು ನನ್ನ ತಲೆಗೆ ಎಣ್ಣೆ ಹಚ್ಚಲಿಲ್ಲ ಎಂದದ್ದೂ ಇದೇ ಮರ್ಯಾದೆಯ ವಿಷಯಕ್ಕೆ.

ದೊಣ್ಣೆ ಅಂದರೆ ಪೆಟ್ಟು ತಾನೇ? ಅದರಿಂದ ಧೈರ್ಯ ಹೇಗೆ ಬರುತ್ತೆ?

ಶೇವೆಟ್ ಎಂಬ ಅದೇ ಪದ ಜ್ಞಾನೋಕ್ತಿ 13:24ರಲ್ಲಿ ಮಗನನ್ನು ಶಿಕ್ಷಿಸುವ ಬೆತ್ತ. ಹಾಗಾಗಿ ಪ್ರಶ್ನೆ ನ್ಯಾಯವಾದದ್ದು. ಆದರೆ ಒಂದು ಪದದ ಎಲ್ಲ ಅರ್ಥಗಳನ್ನೂ ಒಂದು ಸಾಲಿಗೆ ಸುರಿಯಬಾರದು. 23:4ರಲ್ಲಿ ಕುರಿ ಕತ್ತಲಲ್ಲಿ ನಡೆಯುತ್ತಿದೆ, ಭಯ ಹೊರಗಿನ ಕೇಡಿನದ್ದು. ಅಲ್ಲಿ ದೊಣ್ಣೆಯ ಗುರಿ ಕುರಿಯಲ್ಲ. ಮೀಕ 7:14 "ನಿನ್ನ ಕೋಲಿನಿಂದ ನಿನ್ನ ಜನರನ್ನು ಮೇಯಿಸು" ಎಂದು ಬೇಡುವಾಗಲೂ ಪದ ಶೇವೆಟ್. ಅಲ್ಲಿನ ಆಸೆ ಬಾಷಾನ್, ಗಿಲ್ಯಾದಿನ ಹುಲ್ಲುಗಾವಲು.

ಇನ್ನೂ ಆಳಕ್ಕೆ ಇಳಿಯುವವರಿಗೆ

ಕೋಲಿಗೂ ಕುಲಕ್ಕೂ ಹೀಬ್ರೂವಿನಲ್ಲಿ ಒಂದೇ ಪದವಂತೆ?

ಹೌದು. ಶೇವೆಟ್ ಎಂದರೂ ಮಟ್ಟೆ ಎಂದರೂ ಕೋಲೂ ಆದೀತು, ಕುಲವೂ ಆದೀತು. ಮುಖಂಡನ ಕೈಯ ದಂಡ ಅವನ ಜನರ ಗುರುತಾದದ್ದರಿಂದ ಹಾಗಾಗಿರಬಹುದು. ಅರಣ್ಯಕಾಂಡ 17ರಲ್ಲಿ ಕುಲಕ್ಕೊಂದು ಕೋಲು ತರಿಸಿ, ಆರೋನನ ಕೋಲು ಬಾದಾಮಿ ಬಿಟ್ಟ ಪ್ರಸಂಗ ಈ ಶ್ಲೇಷೆಯ ಮೇಲೆಯೇ ನಿಂತಿದೆ. ಮೋಶೆಯ ಕೈಯಲ್ಲಿದ್ದದ್ದು ಮಟ್ಟೆ. ಮಾವನ ಕುರಿ ಕಾಯುತ್ತಿದ್ದಾಗ "ನಿನ್ನ ಕೈಯಲ್ಲಿ ಏನಿದೆ" ಎಂದು ಕೇಳಿದ್ದಕ್ಕೆ ಅವನು ತೋರಿಸಿದ ಕೋಲೇ ವಿಮೋಚನಕಾಂಡ 4:20ರ ಹೊತ್ತಿಗೆ "ದೇವರ ಕೋಲು" ಎನಿಸಿಕೊಳ್ಳುತ್ತದೆ. ನಮ್ಮ ಕೋಲು, ಕುಲ ಎಂಬ ಪದಗಳ ಹೋಲಿಕೆ ಬರೀ ಕಾಕತಾಳೀಯ. ಅದರ ಮೇಲೆ ಉಪದೇಶ ಕಟ್ಟಬೇಡಿ.

ಕೀರ್ತನೆ 2:9ರಲ್ಲಿ ಕಬ್ಬಿಣದ ಕೋಲಿನಿಂದ "ಒಡೆದುಬಿಡು" ಅಂತಿದೆ, ಪ್ರಕಟನೆ 2:27ರಲ್ಲಿ "ಆಳುವನು" ಅಂತಿದೆ. ಯಾವುದು ಸರಿ?

ಹೀಬ್ರೂವನ್ನು ಮೊದಲು ವ್ಯಂಜನಗಳಲ್ಲಿ ಮಾತ್ರ ಬರೆಯುತ್ತಿದ್ದರು. ಈ ವಚನದ ಕ್ರಿಯಾಪದದ ವ್ಯಂಜನಗಳಿಗೆ ಒಂದು ಬಗೆಯ ಸ್ವರ ಹಾಕಿದರೆ "ಒಡೆಯುವೆ", ಇನ್ನೊಂದು ಬಗೆಯಲ್ಲಿ ಹಾಕಿದರೆ "ಮೇಯಿಸುವೆ". ಆಮೇಲೆ ಸ್ವರಚಿಹ್ನೆ ಕೂರಿಸಿದ ಯೆಹೂದಿ ಪಂಡಿತರು ಮೊದಲನೆಯದನ್ನು ಹಿಡಿದರು. ಅವರಿಗಿಂತ ಶತಮಾನಗಳ ಹಿಂದೆಯೇ ಗ್ರೀಕಿಗೆ ತಂದವರು ಎರಡನೆಯದನ್ನು ಹಿಡಿದಿದ್ದರು. ಪ್ರಕಟನೆ ಗ್ರೀಕಿನ ದಾರಿಯಲ್ಲಿದೆ: 2:27, 12:5, 19:15 ಮೂರರಲ್ಲೂ ಇರುವುದು ಕುರುಬ ಮೇಯಿಸುವ ಕ್ರಿಯಾಪದವೇ. ಮಡಕೆ ಒಡೆಯುವ ಮಾತು ಸಾಲಿನ ಉಳಿದ ಅರ್ಧದಲ್ಲಿ ಇರುವುದರಿಂದ ಕೀರ್ತನೆಯಲ್ಲಿ "ಒಡೆ" ಹೆಚ್ಚು ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಪ್ರಕಟನೆ ಬರೆದವನಿಗೆ ಮಾತ್ರ ದಂಡ ಹಿಡಿದ ಕೈ ಕುರುಬನದ್ದೇ ಆಗಬೇಕಿತ್ತು.

ಅಬೀಗೈಲ ಹೇಳುವ "ಜೀವಿತರ ಗಂಟು" ಎಂದರೇನು? ಅದಕ್ಕೂ ಕುರುಬನಿಗೂ ಏನು ಸಂಬಂಧ?

1 ಸಮುವೇಲ 25:29. ನಾಬಾಲನ ಹೆಂಡತಿ ಅಬೀಗೈಲ, ದಾವೀದನ ಪ್ರಾಣ ದೇವರ ಬಳಿ ಜೀವಿತರ ಗಂಟಿನಲ್ಲಿ ಕಟ್ಟಿರಲಿ, ವೈರಿಗಳ ಪ್ರಾಣವನ್ನು ಕವಣೆಯಿಂದ ಎಸೆದ ಹಾಗೆ ಎಸೆದುಬಿಡಲಿ ಎನ್ನುತ್ತಾಳೆ. ಗಂಟು ಏನೆಂದು ಬಹುಕಾಲ ಹೊಳೆದಿರಲಿಲ್ಲ.

ಇರಾಕಿನ ಕಿರ್ಕುಕ್ ಹತ್ತಿರದ ನೂಜಿಯಲ್ಲಿ 1920ರ ದಶಕದ ಅಗೆತದಲ್ಲಿ ಮೊಟ್ಟೆಯಾಕಾರದ ಟೊಳ್ಳು ಮಣ್ಣಿನ ಉಂಡೆ ಸಿಕ್ಕಿತು, ಕ್ರಿ.ಪೂ. 15ನೇ ಶತಮಾನದ ಸುಮಾರಿನದು. ಹೊರಗೆ ಕುರಿ ಮೇಕೆಗಳ ಪಟ್ಟಿ: ಮರಿ ಹಾಕಿದ ಕುರಿ, ಟಗರು, ಹೋತ ಹೀಗೆ. ಒಳಗೆ 48 ಕಲ್ಲುಹರಳು, ಪಟ್ಟಿಯಲ್ಲಿದ್ದಷ್ಟೇ. ವಿದ್ವಾಂಸ ಎ. ಲಿಯೊ ಒಪ್ಪೆನ್‌ಹೈಮ್ 1959ರಲ್ಲಿ ಇದನ್ನು ವಿವರಿಸಿದರು: ಬದುಕಿರುವ ಒಂದೊಂದು ಪ್ರಾಣಿಗೆ ಒಂದೊಂದು ಕಲ್ಲು. ಓದು ಬಾರದ ಕುರುಬನಿಗೂ ಈ ಲೆಕ್ಕ ತಿಳಿಯುತ್ತದೆ. ಮರುವರ್ಷವೇ ಒಟ್ಟೊ ಐಸ್‌ಫೆಲ್ಟ್ ಇದನ್ನು ಅಬೀಗೈಲಳ ಮಾತಿಗೆ ಜೋಡಿಸಿದರು.

ಒಪ್ಪದವರೂ ಇದ್ದಾರೆ, ನೂಜಿಗೂ ಯೆಹೂದಕ್ಕೂ ದೂರ, ನಡುವೆ ಶತಮಾನಗಳು. ನನಗೆ ಒಪ್ಪಿಗೆಯಾಗಲು ಕಾರಣ ಮಾತಾಡುತ್ತಿರುವವಳು ಯಾರು ಎನ್ನುವುದು. 3000 ಕುರಿ, 1000 ಮೇಕೆಗಳ ಮನೆಯ ಯಜಮಾನತಿ, ಉಣ್ಣೆ ಕತ್ತರಿಸುವ ವಾರದಲ್ಲಿ, ಒಂದು ಕಾಲದ ಕುರುಬನ ಎದುರು ನಿಂತಿದ್ದಾಳೆ. ಎರಡು ಕಲ್ಲುಗಳ ಮಾತಾಡುತ್ತಿದ್ದಾಳೆ: ಲೆಕ್ಕದ ಚೀಲದಲ್ಲಿ ಉಳಿಯುವ ಕಲ್ಲು, ಕವಣೆಯಿಂದ ಹಾರಿ ಎಲ್ಲೋ ಬೀಳುವ ಕಲ್ಲು. ದಾವೀದನಿಗೆ ಎರಡೂ ಗೊತ್ತು.

ಜೆಕರ್ಯ 11ರಲ್ಲಿ ಎರಡು ಕೋಲಿಗೆ ಹೆಸರಿಟ್ಟು ಮುರಿಯುತ್ತಾನೆ, ಆಮೇಲೆ "ಮೂಢ ಕುರುಬನ ಸಾಮಾನು" ತೆಗೆದುಕೋ ಎನ್ನುತ್ತಾನೆ ದೇವರು. ಆ ಸಾಮಾನು ಯಾವುದು?

ಅಲ್ಲಿ ಪ್ರವಾದಿ ಕುರುಬನ ಪಾತ್ರ ವಹಿಸುತ್ತಾನೆ. ಮೊದಲು ಎರಡು ಕೋಲು. ಒಂದರ ಹೆಸರು ನೋಅಮ್, ಅಂದರೆ ಪ್ರಸನ್ನತೆ. ಇನ್ನೊಂದು ಹೋವೆಲೀಮ್, ಕಟ್ಟುವ ಹಗ್ಗಗಳು. ಮೊದಲನೆಯದು ಮುರಿದಾಗ ಜನಾಂಗಗಳೊಂದಿಗಿನ ಒಡಂಬಡಿಕೆ ಮುರಿಯುತ್ತದೆ, ಎರಡನೆಯದು ಮುರಿದಾಗ ಯೆಹೂದ ಇಸ್ರಾಯೇಲರ ಅಣ್ಣತಮ್ಮಿಕೆ. ನಡುವೆ ಅವನ ಕೂಲಿ ಲೆಕ್ಕ: ಮೂವತ್ತು ಬೆಳ್ಳಿ ನಾಣ್ಯ, ವಿಮೋಚನಕಾಂಡ 21:32ರಲ್ಲಿ ಎತ್ತು ಹಾಯ್ದು ಸತ್ತ ಗುಲಾಮನಿಗೆ ಕಟ್ಟಿದ ಬೆಲೆ.

ಮೂಢ ಕುರುಬನ ಸಾಮಾನು 15ನೇ ವಚನದಲ್ಲಿ ಬರುತ್ತದೆ, ಪಟ್ಟಿ ಬರುವುದಿಲ್ಲ. ಮುರಿದ ದೊಣ್ಣೆ, ಹರಿದ ಚೀಲ ಎಂದು ವ್ಯಾಖ್ಯಾನಕಾರರು ತುಂಬಿದ್ದಾರೆ, ಮೂಲದಲ್ಲಿ ಹಾಗೇನೂ ಇಲ್ಲ. ಅವನ ಸಾಮಾನು ಎಲ್ಲ ಕುರುಬರದ್ದೇ ಆಗಿದ್ದೀತು. 16ನೇ ವಚನ ಕೊಡುವುದು ಅವನು ಮಾಡದ, ಮಾಡುವ ಕೆಲಸಗಳ ಪಟ್ಟಿ: ಕಳೆದದ್ದನ್ನು ಹುಡುಕುವುದಿಲ್ಲ, ಮುರಿದದ್ದನ್ನು ವಾಸಿ ಮಾಡುವುದಿಲ್ಲ, ಕೊಬ್ಬಿದ್ದನ್ನು ತಿನ್ನುತ್ತಾನೆ, ಗೊರಸನ್ನೂ ಬಿಡದೆ ಕೀಳುತ್ತಾನೆ. 17ರಲ್ಲಿ ಅವನಿಗೆ ಬೀಳುವ ಶಾಪ ಎರಡು ಅಂಗಗಳಿಗೆ: ತೋಳು ಒಣಗಿಹೋಗಲಿ, ಬಲಗಣ್ಣು ಕುರುಡಾಗಲಿ. ದೊಣ್ಣೆ ಎತ್ತುವ ತೋಳು, ಹಿಂಡನ್ನು ಎಣಿಸುವ ಕಣ್ಣು.